ಗಾಯಕ್ಕೆ ಸ್ಕೇಲು, ನನಗೆ 17 ಪ್ರಶ್ನೆ

ನಾನು ದಾವಣಗೆರೆಯವನು, ಸೀರೆ ಅಂಗಡಿ ಸೇಲ್ಸ್‌ಮನ್. ಮುಂಚೆ ನಮ್ದು ಗಾದಿ ಅಂಗಡಿ, ಅಂದ್ರೆ ಗಿರಾಕಿನೂ ನಾವೂ ಬಿಳಿ ಹಾಸು ಮೇಲೆ ಕೂತ್ಕೊಂಡೇ ಸೀರೆ ಬಿಚ್ಚಿ ತೋರಿಸ್ತಿದ್ವಿ, ಆಮೇಲೆ ಸಾಹುಕಾರ್ರ ಮಗ ಬಂದು ಎಲ್ಲಾ ಒಡೆಸಿ ಗಾಜು, ಎಸಿ, ಕೌಂಟರ್ ಅಂತ ಶೋರೂಮ್ ಮಾಡಿದ್ರು, ಅವತ್ತಿಂದ ಶಟರ್ ಎತ್ತಿದಾಗಿಂದ ಎಳೆಯೋವರೆಗೂ ನಿಂತೇ ಇರೋದು. ಎಡಗಾಲಲ್ಲಿ ನರ, ಅಂದ್ರೆ ರಕ್ತನಾಳ, ಉಬ್ಬೋಕೆ ಶುರುವಾಗಿದ್ದು ಅದಕ್ಕೂ ಮುಂಚೆ, ನಮ್ಮಪ್ಪಂಗೂ ಇತ್ತು, ಆದ್ರೆ ನಿಲ್ಲೋ ಕೆಲಸ ಆದ್ಮೇಲೆ ಜೋರಾಯ್ತು. ಪಾದದ ಕೀಲಿಗಿಂತ ಸ್ವಲ್ಪ ಮೇಲೆ, ಒಳಮಗ್ಗುಲಲ್ಲಿ ಚರ್ಮ ಕಪ್ಪಾಯ್ತು, ಕೆರೆತ ಬಂತು, ನಿದ್ದೇಲಿ ಕೆರ್ಕೊಂಡ ಒಂದು ಗೀರು ವಾಸಿಯಾಗ್ಲೇ ಇಲ್ಲ, ಅಗಲ ಆಗ್ತಾ ಹೋಯ್ತು. ಹುಣ್ಣು ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, "ಶುಗರ್ ಇದೆಯಾ?" ಇಲ್ಲ ಕಣ್ರಪ್ಪಾ, ಚೆಕ್ ಮಾಡ್ಸಿ ಮಾಡ್ಸಿ ಸಾಕಾಗಿದೆ, ಇಲ್ಲ.

ಅರಿಶಿನ, ಲೋಳೆಸರ, ಪೌಡರ್, ಮುಲಾಮು, ಬಡಾವಣೆ ಕ್ಲಿನಿಕ್‌ನಲ್ಲಿ ದಿನಾ ಡ್ರೆಸ್ಸಿಂಗ್, ಇವೆಲ್ಲ ಕಥೆ ಇಲ್ಲಿ ಬೇಡ, ಕಾಲು ಹುಣ್ಣು ಇರೋ ಪ್ರತಿಯೊಬ್ಬರದ್ದೂ ಅದೇ ಕಥೆ. ಕೊನೆಗೆ ಒಂದು ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಹೋದೆ. ಅಲ್ಲಿ ರಕ್ತದ ಹರಿವು ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿ ಹೇಳಿದ್ರು, ಕಾಲಿನ ರಕ್ತನಾಳದೊಳಗೆ ರಕ್ತ ವಾಪಸ್ ಕೆಳಗೆ ಇಳೀದಂಗೆ ತಡೆಯೋ ವಾಲ್ವ್ ಇರ್ತವೆ, ಅವು ಕೆಟ್ಟಿವೆ, ಮೇಲೆ ಹೋಗ್ಬೇಕಾದ ರಕ್ತ ಕೆಳಗೇ ನಿಲ್ತಿದೆ, ಆ ಒತ್ತಡಕ್ಕೆ ಚರ್ಮ ಕೆಟ್ಟು ಹುಣ್ಣಾಗಿದೆ, ಮುಲಾಮಿಂದ ಹೋಗೋದಲ್ಲ, ಬಿಗಿ ಪಟ್ಟಿ ಕಟ್ಟಬೇಕು, ಆಮೇಲೆ ಆ ನರಕ್ಕೇ ಏನಾದ್ರೂ ಮಾಡ್ಬೇಕು. ಪಟ್ಟಿ ಕಟ್ಟೋಕೂ ಮುಂಚೆ ಕೈಯ ಬಿಪಿ ಕಾಲಿನ ಬಿಪಿ ಎರಡೂ ನೋಡಿದ್ರು. ಕಾಲಿನದನ್ನ ಕೈಯದ್ರಿಂದ ಭಾಗಿಸಿದಾಗ 0.8ಕ್ಕಿಂತ ಕಮ್ಮಿ ಬಂದ್ರೆ ಕಾಲಿಗೆ ರಕ್ತ ಹೋಗೋದೇ ಕಮ್ಮಿ ಅಂತ, ಅಂಥವರಿಗೆ ಬಿಗಿ ಪಟ್ಟಿ ಕಟ್ಟಿದ್ರೆ ಕಾಲಿಗೇ ಅಪಾಯ. ಇದನ್ನ ಯಾಕೆ ಬರೀತಿದೀನಿ ಅಂದ್ರೆ ಮೆಡಿಕಲ್ ಶಾಪಲ್ಲಿ ಕ್ರೇಪ್ ಬ್ಯಾಂಡೇಜ್ ತಗೊಂಡು ತಾವೇ ಜಗ್ಗಿ ಕಟ್ಕೊಳ್ಳೋರು ಬಹಳ ಜನ ಇದ್ದಾರೆ, ಪರೀಕ್ಷೆ ಮಾಡಿಸದೆ ಕಟ್ಕೋಬೇಡಿ.

ಅಲ್ಲಿ ಪಿಜಿ ಮಾಡ್ತಿದ್ದ ಒಬ್ಬ ಡಾಕ್ಟರಮ್ಮ ಸಿಕ್ಕಿದ್ರು, ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡೋರಿರಬಹುದು. ಅವರ ಥೀಸಿಸ್ ವಿಷಯ, ವಾಸಿಯಾಗದ ಗಾಯ ಇರೋರ ಬದುಕಿನ ಗುಣಮಟ್ಟ. ನನಗೆ ಮೊದಲು ನಗು ಬಂತು, ಗಾಯದ ಗುಣಮಟ್ಟ ನೋಡೋದು ಬಿಟ್ಟು ಬದುಕಿನದ್ದು ಯಾಕೆ ಅಂತ. ಅವರು ಸೀರಿಯಸ್ಸಾಗಿ ಒಂದು ಕಾಗದ ಓದಿ ಹೇಳಿದ್ರು, ಸೇರೋದು ಬಿಡೋದು ನಿಮ್ಮಿಷ್ಟ, ಬೇಡ ಅಂದ್ರೂ ಟ್ರೀಟ್‌ಮೆಂಟ್‌ನಲ್ಲಿ ವ್ಯತ್ಯಾಸ ಆಗಲ್ಲ, ಮಧ್ಯದಲ್ಲಿ ಬಿಟ್ರೂ ಯಾರೂ ಕೇಳಲ್ಲ, ಹೆಸರು ಎಲ್ಲೂ ಬರಲ್ಲ. ಸೈನ್ ಹಾಕ್ದೆ. ನಿಜ ಹೇಳ್ಬೇಕಂದ್ರೆ ಥೀಸಿಸ್ ಪೇಷೆಂಟ್ ಆದ್ರೆ ಸ್ವಲ್ಪ ಬೇಗ ಕರೀತಾರೇನೋ ಅನ್ನೋ ಆಸೆನೂ ಇತ್ತು, ಹಂಗೇನೂ ಕರೀಲಿಲ್ಲ ಬಿಡಿ, ಕ್ಯೂ ಕ್ಯೂನೇ.

ಮೊದಲು ಗಾಯ ಅಳೆದ್ರು. ಉದ್ದ ಎಷ್ಟು ಸೆಂಟಿಮೀಟರ್, ಅಗಲ ಎಷ್ಟು, ಎರಡನ್ನೂ ಗುಣಿಸಿದ್ರೆ ಏರಿಯಾ ಅಂತ ನರ್ಸಮ್ಮ ಬರ್ಕೊಂಡ್ರು, ಆದ್ರೆ ಡಾಕ್ಟರಮ್ಮ ಅದನ್ನ ನಂಬಲ್ಲ. ಹುಣ್ಣು ಚೌಕ ಇರಲ್ಲ, ಮೂಲೆ ಇರಲ್ಲ, ಹಂಗಾಗಿ ಗುಣಿಸಿದ ಲೆಕ್ಕ ನಿಜವಾದ್ದಕ್ಕಿಂತ ಜಾಸ್ತಿನೇ ಬರತ್ತೆ. ಅವರು ಒಂದು ಪಾರದರ್ಶಕ ಹಾಳೆ ಗಾಯದ ಮೇಲಿಟ್ಟು ಅಂಚಿನ ಗುಂಟ ಪೆನ್ನಲ್ಲಿ ಗೆರೆ ಎಳೆದು, ಅದನ್ನ ಗ್ರಾಫ್ ಹಾಳೆ ಮೇಲಿಟ್ಟು ಒಂದೊಂದೇ ಚೌಕ ಎಣಿಸೋರು, ಅರ್ಧಕ್ಕಿಂತ ಜಾಸ್ತಿ ಒಳಗಿದ್ರೆ ಲೆಕ್ಕಕ್ಕೆ, ಇಲ್ದಿದ್ರೆ ಇಲ್ಲ. ನೋಡೋಕೆ ಮಜಾ ಇತ್ತು. ಎಣಿಸಿ ಮುಗಿಸಿ, "ಅಂಕಲ್, ಗಾಯ ಅಳೆದಾಯ್ತು, ಈಗ ನಿಮ್ಮನ್ನ ಅಳೀಬೇಕು" ಅಂದ್ರು.

ಮೊದಲನೇ ಫಾರ್ಮ್ ಚಿಕ್ಕದು, ಇಕ್ಯೂ-5ಡಿ ಅಂತ ಹೆಸರು. ಐದೇ ಪ್ರಶ್ನೆ: ಓಡಾಟ, ನಿಮ್ಮ ಕೆಲಸ ನೀವೇ ಮಾಡ್ಕೊಳ್ಳೋದು, ದಿನನಿತ್ಯದ ಚಟುವಟಿಕೆ, ನೋವು, ಆತಂಕ. ಆಮೇಲೆ ಒಂದು ಥರ್ಮಾಮೀಟರ್ ಚಿತ್ರ, 0 ಅಂದ್ರೆ ಊಹಿಸಬಹುದಾದ ಅತೀ ಕೆಟ್ಟ ಆರೋಗ್ಯ, 100 ಅಂದ್ರೆ ಅತೀ ಒಳ್ಳೇದು, ಇವತ್ತು ನೀವೆಲ್ಲಿದೀರ ತೋರಿಸಿ. ನಾನು 70 ಹತ್ರ ಬೆರಳಿಟ್ಟೆ. ಯಾಕಂದ್ರೆ ಶುಗರಿಲ್ಲ, ಬಿಪಿಯಿಲ್ಲ, ಹಾರ್ಟ್ ಚೆನ್ನಾಗಿದೆ, ಕಾಲಲ್ಲಿ ಅಂಗೈಯಷ್ಟು ಜಾಗ ಬಿಟ್ರೆ ಮಿಕ್ಕಿದ್ದೆಲ್ಲ ನಾನು ಗಟ್ಟಿ ಮನುಷ್ಯನೇ. ಈ ಫಾರ್ಮು ಯಾವ ಕಾಯಿಲೆಗಾದ್ರೂ ಬಳಸ್ತಾರಂತೆ, ಮಂಡಿ ಆಪರೇಷನ್ನಿಂದ ಕ್ಯಾನ್ಸರ್‌ವರೆಗೂ, ಎಲ್ಲಾ ಕಾಯಿಲೆಯವರನ್ನೂ ಒಂದೇ ತಕ್ಕಡೀಲಿ ಹಾಕೋದು ಅದರ ಉದ್ದೇಶ. ಅದಕ್ಕೇ ಅದು ಗಾಯದ ಬಗ್ಗೆ ಒಂದಕ್ಷರ ಕೇಳಲ್ಲ.

ಎರಡನೇದು ಗಾಯದವರಿಗೇ ಮಾಡಿರೋದು. ವುಂಡ್-ಕ್ಯೂಒಎಲ್ ಅಂತ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮಾಡಿದ್ದು, 2014ರಲ್ಲಿ ಪ್ರಕಟ ಆಯ್ತಂತೆ. ಅದಕ್ಕೂ ಮುಂಚೆ ಬೇರೆ ಬೇರೆ ಕಡೆ ಮಾಡಿದ್ದ ಮೂರು ಉದ್ದುದ್ದ ಫಾರ್ಮ್ ಇದ್ವಂತೆ, ಫ್ರೈಬರ್ಗ್‌ದೊಂದು, ವುರ್ಜ್‌ಬರ್ಗ್‌ದೊಂದು, ಬ್ರಿಟನ್ನಿನ ಕಾರ್ಡಿಫ್‌ದೊಂದು, ಆ ಮೂರನ್ನೂ ಸೇರಿಸಿ ಜರಡಿ ಹಿಡಿದು 17 ಪ್ರಶ್ನೆಗೆ ಇಳಿಸಿದ್ದಾರೆ. ಎಲ್ಲಾ ಪ್ರಶ್ನೆನೂ ಕಳೆದ ಏಳು ದಿನದ ಬಗ್ಗೆ ಮಾತ್ರ. ಉತ್ತರ ಐದು ಥರ, ಸ್ವಲ್ಪವೂ ಇಲ್ಲ ಅಂದ್ರೆ 0, ಬಹಳ ಅಂದ್ರೆ 4. ಎಲ್ಲಾ ಕೂಡಿಸಿ ಸರಾಸರಿ ತೆಗೆದ್ರೆ ನಿಮ್ಮ ಅಂಕ, ಅಂಕ ಜಾಸ್ತಿ ಆದಷ್ಟೂ ಬದುಕು ಕಷ್ಟ ಅಂತ ಅರ್ಥ. ಕನ್ನಡದಲ್ಲಿ ಬರೆದಿದ್ದ ಹಾಳೆ ಅವರ ಕೈಲಿತ್ತು, ಓದೋಕೆ ಬರೋರಿಗೆ ಕೊಡೋರು, ಬರದೋರಿಗೆ ಓದಿ ಹೇಳೋರು. ನನಗೆ ಓದೋಕೆ ಬರತ್ತೆ, ಆದ್ರೂ ನೀವೇ ಕೇಳಿ ಮೇಡಂ ಅಂದೆ, ಕನ್ನಡಕ ತಂದಿರಲಿಲ್ಲ.

ನೋವಿತ್ತಾ? ಇತ್ತು, 3 ಹಾಕಿ. ಮುಂದಿನದ್ದು, ಗಾಯದಿಂದ ಕೆಟ್ಟ ವಾಸನೆ ಬರ್ತಿತ್ತಾ?

ಇಷ್ಟು ವರ್ಷದಲ್ಲಿ ಯಾವ ಡಾಕ್ಟ್ರೂ ಈ ಪ್ರಶ್ನೆ ಕೇಳಿರಲಿಲ್ಲ. ಡ್ರೆಸ್ಸಿಂಗ್ ಬಿಚ್ಚೋವಾಗ ಮಾಸ್ಕ್ ಮೇಲೆ ಎಳ್ಕೊಳ್ಳೋದು ನೋಡಿದೀನಿ, ಫ್ಯಾನ್ ಜೋರು ಮಾಡೋದು ನೋಡಿದೀನಿ, ಆದ್ರೆ ನನ್ನನ್ನ ಯಾರೂ ಕೇಳಿರಲಿಲ್ಲ. ನಾನು ಹೇಳಿದೆ, ಅಂಗಡಿಗೆ ಹೋಗೋಕೆ ಮುಂಚೆ ಬ್ಯಾಂಡೇಜ್ ಮೇಲೆ ಸೆಂಟ್ ಹೊಡ್ಕೊಳ್ತೀನಿ ಮೇಡಂ, ಮಧ್ಯಾಹ್ನಕ್ಕೆ ಸೆಂಟೂ ಹುಣ್ಣಿನ ವಾಸನೆನೂ ಸೇರಿ ಇನ್ನೊಂದು ಥರ ಆಗತ್ತೆ, ಗಿರಾಕಿ ಹೆಣ್ಮಕ್ಕಳು ಸೀರೆ ನೋಡ್ತಾ ನೋಡ್ತಾ ಸೆರಗು ಮೂಗಿಗೆ ತಗೊಂಡ್ರೆ ನನಗೆ ಗೊತ್ತಾಗ್ಬಿಡತ್ತೆ, ಆಗ ಹುಡುಗನ್ನ ಕರೆದು ನೀನು ತೋರ್ಸಪ್ಪಾ ಅಂತ ಗೋಡೌನ್ ಕಡೆ ಹೋಗ್ಬಿಡ್ತೀನಿ. ಹಂಗೆ ಬಿಟ್ಕೊಟ್ಟ ಗಿರಾಕಿ ಎಷ್ಟೋ. ನಮಗೆ ಕಮಿಷನ್ ಇರತ್ತೆ, ಅದು ಹುಡುಗನ ಪಾಲು. ಅವರು ಸುಮ್ನೆ 4ಕ್ಕೆ ಗೋಲ ಸುತ್ತಿದ್ರು. ಆದ್ರೆ ಪೆನ್ ಕೆಳಗಿಟ್ಟು ಎದ್ದು ಹೋಗಿ ಸೀನಿಯರ್ ಡಾಕ್ಟರ್ ಹತ್ರ ಏನೋ ಮಾತಾಡಿ ಬಂದ್ರು, ಅವತ್ತಿಂದ ಗಾಯಕ್ಕೆ ಮೆಟ್ರೋನಿಡಜೋಲ್ ಜೆಲ್, ಮೇಲೆ ನೀರು ಹೀರ್ಕೊಳ್ಳೋ ದಪ್ಪ ಪ್ಯಾಡ್. ವಾಸನೆ ಮಾಡೋದು ಗಾಳಿಯಿಲ್ಲದ ಕಡೆ ಬೆಳೆಯೋ ಒಂದು ಜಾತಿ ಬ್ಯಾಕ್ಟೀರಿಯಾ, ಅದಕ್ಕೆ ಈ ಔಷಧಿ ಕೆಲಸ ಮಾಡತ್ತಂತೆ. ಸ್ವಲ್ಪ ದಿನದಲ್ಲೇ ವಾಸನೆ ನಿಂತೋಯ್ತು. ಹುಣ್ಣು ಮಾತ್ರ ಅಷ್ಟೇ ಇತ್ತು, ಗ್ರಾಫ್ ಹಾಳೇಲಿ ನಾಲ್ಕೈದು ಚೌಕ ಕಮ್ಮಿ ಆಗಿರಬಹುದು.

ಉಳಿದ ಪ್ರಶ್ನೆಗಳಲ್ಲೂ ಕೆಲವು ಹಿಂಗೇ ನೆಟ್ಟಗೆ ಬಂದು ತಾಗಿದ್ವು. ಗಾಯಕ್ಕೆ ಏನಾದ್ರೂ ತಾಗಿಬಿಡತ್ತೇನೋ ಅನ್ನೋ ಭಯ ಇತ್ತಾ ಅಂತ ಒಂದಿದೆ. ಇದನ್ನ ಬರೆದೋರು ಯಾರೋ, ಹುಣ್ಣಿರೋರ ಜೊತೆ ಕೂತು ಮಾತಾಡಿಯೇ ಬರೆದಿರಬೇಕು. ಸಿಟಿ ಬಸ್ ಹತ್ತೋದು ಬಿಟ್ಟಿದ್ದೆ, ಜನ ಸೇರೋ ಜಾತ್ರೆ, ರಥೋತ್ಸವ ಬಿಟ್ಟಿದ್ದೆ, ಅಂಗಡಿಗೆ ಅಮ್ಮಂದಿರ ಜೊತೆ ಬರೋ ಮಕ್ಕಳು ಓಡಾಡಿದ್ರೆ ನನ್ನ ಕಣ್ಣು ಸೀರೆ ಮೇಲಲ್ಲ, ಆ ಮಗು ಕಾಲ ಮೇಲೆ. ನನ್ನ ಮೊಮ್ಮಗಳನ್ನೇ ಎಡಗಡೆಯಿಂದ ಹತ್ರ ಬರೋಕೆ ಬಿಡ್ತಿರಲಿಲ್ಲ. ನಿದ್ದೆ ಕೆಟ್ಟಿತ್ತಾ ಅಂತ ಕೇಳಿದಾಗ ರಾತ್ರಿ ಮೊದಲನೇ ಜಾವಕ್ಕೇ ಎಚ್ಚರ ಆಗತ್ತೆ ಅಂದೆ, ಅದಕ್ಕೆ ನೋವಿನ ಮಾತ್ರೆ ಟೈಮ್ ಬದಲಾಯಿಸಿ ಮಲಗೋಕೆ ಮುಂಚೆ ಮಾಡಿದ್ರು, ಮಂಚದ ಕಾಲ್ಕಡೆ ಎರಡು ಇಟ್ಟಿಗೆ ಇಡಿ ಅಂದ್ರು. ಖರ್ಚಿಲ್ಲದ ಉಪಾಯ, ಬೆಳಗ್ಗೆ ಎದ್ದಾಗ ಬಾವು ಎಷ್ಟೋ ಕಮ್ಮಿ ಇರ್ತಿತ್ತು.

ಇನ್ನೊಂದು ಪ್ರಶ್ನೆ, ವಾಸಿಯಾಗೋಕೆ ಇಷ್ಟು ದಿನ ಹಿಡೀತಿದೆ ಅಂತ ಬೇಸರ ಆಗಿದೆಯಾ? ಇದಕ್ಕೆ ಮಾತ್ರ ನನಗೆ ರೇಗಿತು. "ಇದನ್ನೇನಮ್ಮಾ ಕೇಳ್ತೀರಾ, ಆಗ್ದೆ ಇರತ್ತಾ?" ಅಂದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ, "ಕೇಳ್ಲೇಬೇಕು ಅಂಕಲ್, ಕೆಲವರು ಇಲ್ಲ ಅಂತಾರೆ" ಅಂದ್ರು. ನನಗೆ ನಂಬಿಕೆ ಬರಲಿಲ್ಲ. ಆಮೇಲೆ ಬೆಂಚ್ ಮೇಲೆ ಕೂತು ಬೇರೆಯವರು ಉತ್ತರ ಕೊಡೋದು ಕೇಳಿದ್ಮೇಲೆ ನಿಜ ಅನ್ನಿಸ್ತು.

ಡ್ರೆಸ್ಸಿಂಗ್ ರೂಮಿನ ಹೊರಗಡೆ ಬೆಂಚಿದೆಯಲ್ಲ, ಅಲ್ಲಿ ವಾರ ವಾರ ಅದೇ ಮುಖಗಳು, ಪರಿಚಯ ಆಗೇ ಆಗತ್ತೆ. ಒಬ್ಬ ಆಟೋ ಓಡಿಸೋ ಅಣ್ಣ, ಶುಗರ್, ಬಲಗಾಲು ಹೆಬ್ಬೆರಳ ಕೆಳಗೆ ತೂತು ಬಿದ್ದಂಗೆ ಹುಣ್ಣು. ಆಟೋದಲ್ಲಿ ಕ್ಲಚ್ ಕೈಲಿರತ್ತೆ, ಬ್ರೇಕು ಬಲಗಾಲಿಗೆ, ಹಂಗಾಗಿ ಬ್ರೇಕ್ ಒತ್ತಿದಾಗೆಲ್ಲ ಹುಣ್ಣಿಗೇ ಒತ್ತು. ಅವನಿಗೆ ನೋವಿನ ಪ್ರಶ್ನೆ ಕೇಳಿದ್ರೆ ಸೊನ್ನೆ. ನಿದ್ದೆ ಚೆನ್ನಾಗೇ ಬರತ್ತೆ, ಸೊನ್ನೆ. ಹಾಳೆ ನೋಡಿದ್ರೆ ನನಗಿಂತ ಅವನೇ ಸುಖಿ. ಆದ್ರೆ ಡಾಕ್ಟರಮ್ಮ ನೈಲಾನ್ ದಾರದಂಥ ಒಂದು ಕಡ್ಡಿ ತಗೊಂಡು ಅವನ ಪಾದಕ್ಕೆ ಅದು ಬಾಗೋವರೆಗೂ ಒತ್ತಿ, ಗೊತ್ತಾಗ್ತಿದೆಯಾ ಅಂತ ಕೇಳಿದ್ರು, 10 ಗ್ರಾಂ ಒತ್ತಡಕ್ಕೆ ಬಾಗೋ ದಾರ ಅದು, ಅವನಿಗೆ ಒಂದು ಕಡೆನೂ ಗೊತ್ತಾಗಲಿಲ್ಲ. ನೋವು ಗೊತ್ತಾಗಲ್ಲ ಅನ್ನೋದೇ ಅವನ ಕಾಯಿಲೆ, ಗೊತ್ತಾಗಿದ್ರೆ ಮೊದಲ ದಿನವೇ ಆಟೋ ನಿಲ್ಲಿಸ್ತಿದ್ದ. ಹಂಗಾಗಿ ಅವನ ನೋವಿನ ಸೊನ್ನೆನೂ ನನ್ನ ಹುಣ್ಣು ವಾಸಿಯಾದ್ಮೇಲೆ ಬರಬಹುದಾದ ಸೊನ್ನೆನೂ ಒಂದೇ ಅಲ್ಲ, ಹಾಳೇಲಿ ಮಾತ್ರ ಒಂದೇ ಥರ ಕಾಣತ್ತೆ. ಅವನಿಗೆ 4 ಬಿದ್ದಿದ್ದು ಗಾಯ ಜಾಸ್ತಿ ಆಗತ್ತೆ ಅನ್ನೋ ಭಯಕ್ಕೆ, ಬೆರಳು ತೆಗೀತಾರೇನೋ ಅಂತ ಅವನ ಹೆಂಡ್ತಿ ಇಬ್ಬರಿಗೂ ಸೇರಿ ಅಳ್ತಿದ್ಲು, ಮತ್ತೆ ದುಡ್ಡಿನ ಪ್ರಶ್ನೆಗೆ. ಕಾಲು ಊರಬೇಡ ಅಂತ ಹೇಳೋದು ಸುಲಭ, ಆಟೋ ಲೋನ್ ಕಟ್ಟೋರ್ಯಾರು?

ದುಡ್ಡಿನದ್ದು ಆ ಫಾರ್ಮಿನ ಕೊನೇ ಪ್ರಶ್ನೆ. ದೇಹ, ಮನಸ್ಸು, ದಿನನಿತ್ಯದ ಬದುಕು ಅಂತ ಪ್ರಶ್ನೆಗಳನ್ನ ಮೂರು ಗುಂಪು ಮಾಡಿದ್ದಾರೆ, ದುಡ್ಡು ಯಾವ ಗುಂಪಿಗೂ ಸೇರಲ್ಲ, ಒಟ್ಟು ಸರಾಸರೀಲಿ ಮಾತ್ರ ಬರತ್ತೆ. ಜರ್ಮನೀಲಿ ಹೆಚ್ಚುಕಮ್ಮಿ ಎಲ್ರಿಗೂ ಹೆಲ್ತ್ ಇನ್ಶೂರೆನ್ಸ್ ಇರತ್ತೆ, ಅವರಿಗೆ ಒಂದು ಪ್ರಶ್ನೆ ಸಾಕೇನೋ. ನಮ್ಮ ಬೆಂಚಿಗೆ ಕೇಳಿದ್ರೆ ಪ್ಯಾಡ್ ಎಷ್ಟು, ಪಟ್ಟಿ ಎಷ್ಟು, ಬಂದುಹೋಗೋಕೆ ಎಷ್ಟು, ಕೂಲಿ ಹೋಗಿದ್ದೆಷ್ಟು, ಜೊತೇಲಿ ಬಂದೋರ ಕೂಲಿ ಹೋಗಿದ್ದೆಷ್ಟು, ಬಡ್ಡಿಗೆ ತಂದಿದ್ದೆಷ್ಟು ಅಂತ ಅದಕ್ಕೇ ಒಂದು ಫಾರ್ಮ್ ಬೇಕು.

ಇನ್ನೊಬ್ಬರು ಅಜ್ಜಿ, ಹರಪನಹಳ್ಳಿ ಕಡೆಯೋರು. ಬಹಳ ಹಿಂದೆ ಕುಷ್ಠ ಆಗಿತ್ತು, ಸರ್ಕಾರದ ಮಾತ್ರೆ ನುಂಗಿ ವಾಸಿಯಾಗಿದೆ, ಈಗ ಅವರಿಂದ ಯಾರಿಗೂ ಅಂಟಲ್ಲ, ಆದ್ರೆ ಪಾದದ ಸ್ಪರ್ಶ ಹೋದದ್ದು ಹೋಯ್ತು, ಅಂಗಾಲಲ್ಲಿ ಹುಣ್ಣು ಮಾಯೋದು ಮತ್ತೆ ಆಗೋದು. ಅವರಿಗೆ ಡಾಕ್ಟರಮ್ಮ ಪ್ರಶ್ನೆ ಓದ್ತಾ ಹೋದ್ರು, ಅಜ್ಜಿ ಎಲ್ಲದಕ್ಕೂ "ಏನಿಲ್ಲವ್ವಾ, ಆರಾಮಿದೀನಿ". ಬೇಸರ ಇಲ್ಲ, ಭಯ ಇಲ್ಲ, ಯಾರ ಮೇಲೂ ಅವಲಂಬನೆ ಇಲ್ಲ. ಬೇರೆಯವರ ಜೊತೆ ಸೇರೋಕೆ ತೊಂದ್ರೆ ಆಯ್ತಾ ಅಂದ್ರೆ, "ಸೇರೋದು ಬಿಟ್ಟೇ ಎಷ್ಟೋ ಕಾಲ ಆತಲ್ಲ, ಈಗೇನು ತೊಂದ್ರೆ" ಅಂದ್ರು. ಅದಕ್ಕೆ ಯಾವ ನಂಬರಿಗೆ ಗೋಲ ಸುತ್ತೋದು ಹೇಳಿ. ನಾನು ಆಮೇಲೆ ಡಾಕ್ಟರಮ್ಮನ್ನ ಕೇಳಿದೆ, ಅವರು ರೆಸ್ಪಾನ್ಸ್ ಶಿಫ್ಟ್ ಅಂತ ಹೆಸರು ಹೇಳಿದ್ರು, ಕಷ್ಟ ಬಹಳ ದಿನ ಇದ್ರೆ ಮನುಷ್ಯ ಚೆನ್ನಾಗಿರೋದು ಅಂದ್ರೆ ಏನು ಅನ್ನೋ ತನ್ನ ಅಳತೆಯನ್ನೇ ಬದಲಾಯಿಸ್ಕೊಂಡು ಬಿಡ್ತಾನಂತೆ, ಆಗ ಅಂಕ ಕಮ್ಮಿ, ಅಂದ್ರೆ ಚೆನ್ನಾಗಿ, ಬರತ್ತೆ. ಇದು ಎಲ್ಲಾ ದೇಶದಲ್ಲೂ ಗೊತ್ತಿರೋ ತೊಂದ್ರೆನೇ ಅಂತೆ. ನನಗೆ ಮಾತ್ರ ಅಜ್ಜಿದು ಕಮ್ಮಿ ಅಂಕ, ಆದ್ದರಿಂದ ಕಮ್ಮಿ ಕಷ್ಟ ಅಂತ ಎಲ್ಲಾದ್ರೂ ಒಂದು ಟೇಬಲ್‌ನಲ್ಲಿ ಪ್ರಿಂಟ್ ಆಗತ್ತಲ್ಲ ಅಂತ ಹೊಟ್ಟೆ ಉರೀತು.

ಹಾಸಿಗೆ ಹಿಡಿದ ಒಬ್ಬರು ಯಜಮಾನರಿಗೆ ಬೆನ್ನ ಕೆಳಗೆ ಹುಣ್ಣಾಗಿ ಸ್ಟ್ರೆಚರ್ ಮೇಲೆ ಬರೋರು, ಅವರ ಮಗ ಎಲ್ಲಾ ಉತ್ತರ ತಾನೇ ಹೇಳ್ತಿದ್ದ, ಅದನ್ನ ಬೇರೆ ಫೈಲಿಗೆ ಹಾಕಿದ್ರು, ಬೇರೆಯವರು ಹೇಳಿದ್ದನ್ನ ಪೇಷೆಂಟ್ ಹೇಳಿದ್ದರ ಜೊತೆ ಬೆರೆಸಲ್ಲ ಅಂತ. ಖಾಲಿ ಬಿಟ್ಟ ಪ್ರಶ್ನೆಗೂ ನಿಯಮ ಇದೆ, ಮುಕ್ಕಾಲು ಪಾಲಾದ್ರೂ ಉತ್ತರ ಇರಬೇಕು, ಅಂದ್ರೆ 17ರಲ್ಲಿ 13, ಇಲ್ದಿದ್ರೆ ಸರಾಸರಿ ತೆಗೆಯೋ ಹಂಗಿಲ್ಲ. ಮೆಟ್ಟಿಲು ಹತ್ತೋಕೆ ಕಷ್ಟ ಆಯ್ತಾ ಅನ್ನೋ ಪ್ರಶ್ನೆಗೆ ಬಹಳ ಜನ ನಮ್ಮನೇಲಿ ಮೆಟ್ಟಿಲೇ ಇಲ್ಲ ಅಂತ ಬಿಡೋರು. ಅದೇ ಜಾಗದಲ್ಲಿ ಕಕ್ಕಸಿಗೆ ಕೂರೋದು ಕಷ್ಟಾನಾ ಅಂತ ಕೇಳಿದ್ರೆ ಬೆಂಚಿಗೆ ಬೆಂಚೇ 4 ಅಂತಿತ್ತು. ಬಿಗಿ ಪಟ್ಟಿ ಕಟ್ಕೊಂಡು ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂತು ಏಳೋದು ಏನು ಅಂತ ಕಟ್ಕೊಂಡೋರಿಗೇ ಗೊತ್ತು, ನಾನು ಕಿಟಕಿ ಸರಳು ಹಿಡ್ಕೊಂಡು ಏಳ್ತಿದ್ದೆ. ಸ್ನಾನಕ್ಕೆ ಕಾಲಿಗೆ ಪ್ಲಾಸ್ಟಿಕ್ ಕವರ್ ಕಟ್ಟೋದು, ಮದುವೆ ಪಂಕ್ತೀಲಿ ನೆಲಕ್ಕೆ ಕೂರೋಕೆ ಆಗ್ದೆ ಊಟ ಮಾಡ್ದೆ ಬರೋದು, ಯಾರ ಮನೆಗೆ ಹೋದ್ರೂ ಬಾಗಿಲಲ್ಲಿ ಚಪ್ಪಲಿ ಬಿಡೋವಾಗ ಎಲ್ಲರ ಕಣ್ಣೂ ಪಟ್ಟಿ ಮೇಲೆ. ಗಣಪತಿ ಹಬ್ಬಕ್ಕೆ ಯಾವಾಗ್ಲೂ ನಾನೇ ಪೂಜೆಗೆ ಕೂರೋದು, ಹುಣ್ಣು ಸೋರ್ತಿದ್ರೆ ಮಡೀಲಿ ಹೆಂಗೆ ಕೂರೋದು, ಆ ವರ್ಷ ಅಳಿಯ ಕೂತ. ಇವ್ಯಾವೂ ಹಾಳೇಲಿಲ್ಲ.

ಇನ್ನೊಂದು ಹೇಳ್ತೀನಿ, ಮುಜುಗರದ್ದು, ಆದ್ರೂ ಯಾರೂ ಹೇಳಲ್ಲ ಅಂತ ಹೇಳ್ತೀನಿ. ರಾತ್ರಿ ಸೋರಿ ಹಾಸಿಗೆ ಒದ್ದೆ ಆಗತ್ತೆ ಅಂತ ನಾನು ಹಾಲ್‌ನಲ್ಲಿ ಚಾಪೆ ಹಾಕ್ಕೊಂಡು ಬೇರೆ ಮಲಗೋಕೆ ಶುರು ಮಾಡಿ ಬಹಳ ಕಾಲ ಆಗಿತ್ತು. ನಮ್ಮನೆಯೋಳು ಏನೂ ಅನ್ನಲಿಲ್ಲ, ದಿನಾ ಪಟ್ಟಿ ಬಿಚ್ಚಿ, ತೊಳೆದು, ಬಿಸಿಲಿಗೆ ಹಾಕಿ, ಸುತ್ತಿ ಇಡೋದು ಅವಳ ಕೆಲಸ. ಬೇರೆಯವರ ಸಹಾಯದ ಮೇಲೆ ಅವಲಂಬಿಸಬೇಕಾಯ್ತಾ ಅಂತ ನನ್ನನ್ನ ಕೇಳ್ತಾರೆ, ಸಹಾಯ ಮಾಡಿದ್ದಕ್ಕೆ ಅವಳ ವಾರ ಹೆಂಗಿತ್ತು ಅಂತ ಕೇಳೋ ಪ್ರಶ್ನೆ ಆ 17ರಲ್ಲಿಲ್ಲ. ಡಾಕ್ಟರಮ್ಮಂಗೆ ಇದನ್ನ ಹೇಳೋಕೆ ನನಗೆ ಬಾಯಿ ಬರಲಿಲ್ಲ, ಹಾಳೆ ಹಿಂದೆ ಖಾಲಿ ಜಾಗ ಇತ್ತಲ್ಲ, ಅಲ್ಲಿ ಬರೆದುಕೊಟ್ಟೆ. ಟಾಯ್ಲೆಟ್‌ದೂ ಬರೆದೆ.

ಇನ್ನು ಅಂಕದ ವಿಷಯ. ಬಿಗಿ ಪಟ್ಟಿ ಶುರುವಾದಾಗ ನಾನು ಅಂದ್ಕೊಂಡಿದ್ದು ಗಾಯ ಇಳಿದಂಗೆ ಅಂಕನೂ ಇಳಿಯತ್ತೆ ಅಂತ. ಆಗಿದ್ದೇ ಬೇರೆ. ಪಟ್ಟಿ ಒತ್ತಡ ಕೀಲಿನ ಹತ್ರ, ಬಿಪಿ ಅಳೆಯೋ ಪಾದರಸದ ಲೆಕ್ಕದಲ್ಲಿ, 40 ಎಂಎಂ ಸುಮಾರು ಇರಬೇಕು, ಅಷ್ಟು ಬಿಗಿ, ದಾವಣಗೆರೆ ಬೇಸಿಗೆ ಬೇರೆ, ಒಳಗೆ ಕೆರೆತ, ಚಪ್ಪಲಿ ಹಿಡಿಸಲ್ಲ, ಎಡಗಾಲಿಗೆ ಮಾತ್ರ ದೊಡ್ಡ ಸೈಜ್ ಬೇಕು ಅಂತ ಎರಡು ಜೊತೆ ತಗೋಬೇಕಾಯ್ತು. ಗಾಯ ಚೆನ್ನಾಗಿ ಇಳೀತಿತ್ತು, ನನ್ನ ಅಂಕ ಏರಿತ್ತು. ಟ್ರೀಟ್‌ಮೆಂಟೇ ಹೊರೆ ಅನ್ನಿಸ್ತಾ ಅಂತ ಒಂದು ಪ್ರಶ್ನೆ ಇದೆ, ಅದಕ್ಕೆ ಮುಂಚೆ 1 ಕೊಡ್ತಿದ್ದೋನು ಈಗ 4. ಸೀನಿಯರ್ ಡಾಕ್ಟರ್ ಗಾಯ ನೋಡಿ "ವೆರಿ ಗುಡ್" ಅಂತ ಮುಂದಿನ ಬೆಡ್ಡಿಗೆ ಹೋದ್ರು. ಸೀರೆ ಐದೂವರೆ ಮೀಟರ್ ಸರಿಯಾಗಿದೆ ಅಂದ ಮಾತ್ರಕ್ಕೆ ಉಟ್ಟೋರಿಗೆ ಹಿತವಾಗಿದೆ ಅಂತ ಅಲ್ಲವಲ್ಲ. ಡಾಕ್ಟರಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದೇ ಗ್ರಾಫ್‌ಗೆ ಎರಡು ಗೆರೆ ಹಾಕಿ ತೋರಿಸಿದ್ರು, ಗಾಯದ ಗೆರೆ ಕೆಳಗೆ ಹೋಗ್ತಿದೆ, ನನ್ನ ಗೆರೆ ಮೇಲೆ. ಸರಾಸರಿ ಅಂಕ ಅರ್ಧ ಅಂಕ, ಅಂದ್ರೆ 0.5, ಆಕಡೆ ಈಕಡೆ ಆದ್ರೆ ಅದನ್ನ ಲೆಕ್ಕಕ್ಕೆ ತಗೋಬೇಕು ಅಂತ ಹೇಳಿ ಒಳಗೆ ಹತ್ತಿಯ ಮೃದು ಪದರ ಜಾಸ್ತಿ ಮಾಡಿಸಿದ್ರು, ಚರ್ಮಕ್ಕೆ ಹಚ್ಚೋಕೆ ವ್ಯಾಸಲೀನ್ ಥರದ್ದು ಕೊಟ್ರು. ಅದಿಲ್ದಿದ್ರೆ ನಾನು ಪಟ್ಟಿ ಬಿಚ್ಚಿ ಎಸೆದಿರ್ತಿದ್ದೆ, ಬಹಳ ಜನ ಎಸೀತಾರೆ ಕೂಡ, ಆಮೇಲೆ ಪೇಷೆಂಟ್ ಮಾತು ಕೇಳಲ್ಲ ಅಂತ ಬರೀತಾರೆ.

ಏಳು ದಿನದ ಲೆಕ್ಕದಲ್ಲೂ ಒಂದು ಗಮ್ಮತ್ತಿದೆ. ವೈಶಾಖದಲ್ಲಿ ಮದುವೆ ಸೀಸನ್, ಒಂದೇ ಕುಟುಂಬ ಬಂದ್ರೆ ಧಾರೆ ಸೀರೆಯಿಂದ ಹಿಡಿದು ಬೀಗರ ಸೀರೆವರೆಗೂ ಅರ್ಧ ದಿನ, ಕೂರೋ ಮಾತೇ ಇಲ್ಲ, ಆ ವಾರ ಫಾರ್ಮ್ ತುಂಬಿದ್ರೆ ಎಲ್ಲಾ 3, 4. ಆಷಾಢದಲ್ಲಿ ಡಿಸ್ಕೌಂಟ್ ಬೋರ್ಡ್ ಹಾಕಿದ್ರೂ ಮಧ್ಯಾಹ್ನ ಅಂಗಡಿ ಖಾಲಿ, ಸ್ಟೂಲ್ ಮೇಲೆ ಕಾಲು ಚಾಚಿ ಕೂರ್ತೀನಿ, ಆಗ 1, 2. ಗಾಯ ಎರಡೂ ಸಲ ಹತ್ತಿರ ಹತ್ತಿರ ಅಷ್ಟೇ. ನಾನು ಇದನ್ನ ಹೇಳಿದ್ಮೇಲೆ ಅವರು ಪ್ರತಿ ಪೇಷೆಂಟಿಗೂ ಕೆಲಸ ಏನು, ಈ ವಾರ ಎಷ್ಟು ಹೊತ್ತು ನಿಂತ್ರಿ ಅಂತ ಒಂದು ಸಾಲು ಪಕ್ಕದಲ್ಲಿ ಬರ್ಕೊಳ್ಳೋಕೆ ಶುರು ಮಾಡಿದ್ರು. ಆ ಸ್ಟೂಲ್ ಬಂದಿದ್ದೂ ಅವರಿಂದಲೇ, ಲೆಟರ್‌ಹೆಡ್‌ನಲ್ಲಿ ಇವರು ಒಂದು ಗಂಟೆಗಿಂತ ಹೆಚ್ಚು ಸತತ ನಿಲ್ಲಬಾರದು ಅಂತ ಬರೆದು ಸೀಲ್ ಹಾಕಿ ಕೊಟ್ರು, ಸಾಹುಕಾರ್ರು ಓದಿ ಮುಖ ಗಂಟು ಹಾಕಿದ್ರು, ಆದ್ರೆ ಮಾರನೇ ದಿನ ಕೌಂಟರ್ ಹಿಂದೆ ಸ್ಟೂಲ್ ಇತ್ತು. ಈಗ ಬೇರೆ ಹುಡುಗರೂ ಅದರ ಮೇಲೆ ಕೂರ್ತಾರೆ.

ಇಕ್ಯೂ-5ಡಿ ಥರ್ಮಾಮೀಟರಲ್ಲಿ ಮಾತ್ರ ನಾನು ಆ ಇಡೀ ಸಮಯ 70ರ ಆಸುಪಾಸಲ್ಲೇ ಇದ್ದೆ. ವಾಸನೆ ನಿಂತಿದ್ದು, ಗಿರಾಕಿ ಮುಂದೆ ಮತ್ತೆ ನಿಂತಿದ್ದು, ಚಾಪೆ ಬಿಟ್ಟು ಮಂಚಕ್ಕೆ ವಾಪಸ್ ಬಂದಿದ್ದು, ಯಾವುದೂ ಅದಕ್ಕೆ ಕಾಣಲಿಲ್ಲ. ಒಂದೇ ಪ್ರಶ್ನೆಪತ್ರಿಕೆ ಸಾಕು ಅನ್ನೋರಿಗೆ ನಾನು ಹೇಳೋದು ಇಷ್ಟೇ, ಜನರಲ್ ಫಾರ್ಮ್ ಸರ್ಕಾರದ ದುಡ್ಡಿನ ಲೆಕ್ಕಕ್ಕೆ ಇರಲಿ, ಡ್ರೆಸ್ಸಿಂಗ್ ರೂಮಲ್ಲಿ ಗಾಯದ್ದೇ ಬೇಕು.

ಆಮೇಲೆ ಆ ಕೆಟ್ಟ ನರಕ್ಕೆ ಲೇಸರ್ ಮಾಡಿ ಮುಚ್ಚಿದ್ರು. ಹುಣ್ಣು ಪೂರ್ತಿ ವಾಸಿಯಾಗೋವರೆಗೂ ಕಾಯಬೇಕಾ ಅಂತ ನಾನು ಕೇಳಿದ್ದಕ್ಕೆ, ಬ್ರಿಟನ್ನಿನಲ್ಲಿ 450 ಜನರ ಮೇಲೆ ಮಾಡಿದ ಇವ್ರಾ ಅನ್ನೋ ಟ್ರಯಲ್ 2018ರಲ್ಲಿ ಬಂತು, ಪಟ್ಟಿ ಜೊತೆಗೆ ಬೇಗ ನರ ಮುಚ್ಚಿಸ್ಕೊಂಡೋರಲ್ಲಿ ಅರ್ಧ ಜನಕ್ಕೆ 56 ದಿನದೊಳಗೆ ಹುಣ್ಣು ಮಾಯ್ತು, ಕಾದೋರಲ್ಲಿ ಅರ್ಧ ಜನಕ್ಕೆ ಮಾಯೋಕೆ 82 ದಿನ ಹಿಡೀತು ಅಂತ ಹೇಳಿದ್ರು. ಲೇಸರ್ ಆದ್ಮೇಲೆ ನನ್ನದೂ ಬೇಗ ಬೇಗ ಒಣಗ್ತು, ಒಂದಿನ ಪಾರದರ್ಶಕ ಹಾಳೆ ಇಟ್ರೆ ಗೆರೆ ಎಳೆಯೋಕೆ ಅಂಚೇ ಇರಲಿಲ್ಲ.

ಗಾಯ ಇಲ್ಲ ಅಂದ್ಮೇಲೆ ಫಾರ್ಮೂ ಇಲ್ಲ, ಪ್ರಶ್ನೆ ಎಲ್ಲಾ ಗಾಯದ ಬಗ್ಗೆನೇ ತಾನೆ. ನನ್ನ ಹೆಸರಿನ ಮುಂದೆ ಮುಗೀತು ಅಂತ ಬರ್ಕೊಂಡ್ರು. ಆದ್ರೆ ಈ ಹುಣ್ಣು ಮತ್ತೆ ಬರೋದು ಬಹಳ ಸಾಮಾನ್ಯ, ಅದಕ್ಕೇ ದಿನಾ ಬೆಳಗ್ಗೆ ಮಂಚದಿಂದ ಇಳಿಯೋಕೆ ಮುಂಚೆ ಮೊಣಕಾಲವರೆಗಿನ ಬಿಗಿ ಸ್ಟಾಕಿಂಗ್ಸ್ ಹಾಕ್ಬೇಕು, ಹೊಸದು ಹಾಕೋಕೆ ಕೈಗೆ ರಬ್ಬರ್ ಗ್ಲೌಸ್ ಹಾಕ್ಕೊಂಡು ಎಳೀಬೇಕು, ಬಿಗಿ ಸಡಿಲ ಆಗೋದ್ರಿಂದ ಆರು ತಿಂಗಳಿಗೊಮ್ಮೆ ಹೊಸ ಜೊತೆ ತಗೋಬೇಕು, ಅಗ್ಗದ್ದಲ್ಲ. ಎಡಗಡೆಯಿಂದ ಮಕ್ಕಳು ಓಡಿಬಂದ್ರೆ ಈಗ್ಲೂ ಕಾಲು ತಾನಾಗೇ ಹಿಂದೆ ಹೋಗತ್ತೆ. ಇದನ್ನೆಲ್ಲ ಅಳೆಯೋಕೆ ಏನಾದ್ರೂ ಇದೆಯಾ ಅಂತ ಡಾಕ್ಟರಮ್ಮನ್ನ ಕೇಳಿದೆ. ವಾಸಿಯಾದೋರನ್ನ ನಾವು ವಾಪಸ್ ಕರೆಯೋದೇ ಇಲ್ಲ ಅಂಕಲ್, ಥೀಸಿಸ್ ಸಬ್ಮಿಟ್ ಆಗ್ಲಿ, ಮುಂದಿನ ಬ್ಯಾಚ್‌ನ ಹುಡುಗನಿಗೆ ಹೇಳ್ತೀನಿ ಅಂದ್ರು. ನನ್ನ ಫೋನ್ ನಂಬರ್ ಕೊಟ್ಟು ಬಂದಿದೀನಿ, ಆಷಾಢದಲ್ಲಿ ಕರೀರಿ, ಆಗ ಪುರುಸೊತ್ತಿರತ್ತೆ ಅಂತ ಹೇಳಿ.